ಚೆಂಡಿನ ಕಚ್ಚು

ಮಾರ್ಚ್ 3, ಸೋಮವಾರ

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಹಳೆಯ ಆರ್ಡರ್ ಪುಸ್ತಕವೊಂದು ಅರ್ಧ ಖಾಲಿ ಉಳಿದಿತ್ತು. ರದ್ದಿಗೆ ಹಾಕು ಅಂದರು ಅಂಗಡಿಯ ಯಜಮಾನರು. ನಾನು ಚೀಲಕ್ಕೆ ಹಾಕಿಕೊಂಡೆ. ಮಧ್ಯಾಹ್ನ ಊಟವಾದ ಮೇಲೆ ಅವರು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಾರೆ, ಕನ್ನಡಕದ ಗಾಜು ಉಜ್ಜುವ ಚಕ್ರ ನಿಂತಿರುತ್ತದೆ, ಮುಕ್ಕಾಲು ಗಂಟೆ ನನ್ನದು. ಏನಾದರೂ ಹೇಳಿಕೊಳ್ಳಬೇಕು ಅನಿಸಿದರೆ ಇನ್ನು ಈ ಪುಸ್ತಕಕ್ಕೇ ಹೇಳುವುದು. ಮನೆಯಲ್ಲಿ ಹೇಳೋಣವೆಂದರೆ ಕೇಳುವ ಮನುಷ್ಯ ಮನೆಯಲ್ಲಿರಬೇಕಲ್ಲ.

ಇವರು, ಅಂದರೆ ನನ್ನ ಗಂಡ, ಕೋಲಿನಿಂದ ಚೆಂಡನ್ನು ಟೇಬಲ್ಲಿನ ಪಾಕೆಟ್ಟಿಗೆ ಬೀಳಿಸುವ ಪೂಲ್ ಆಟ ಆಡಿಸುವ ಹಾಲ್‌ನಲ್ಲಿ ಮಾರ್ಕರ್. ಚೆಂಡು ಜೋಡಿಸುವುದು, ಸ್ಕೋರ್ ಬರೆಯುವುದು, ಜೊತೆಯಿಲ್ಲದೆ ಬಂದವರಿಗೆ ಜೊತೆಯಾಗಿ ಆಡುವುದು. ಇಪ್ಪತ್ತೆರಡು ವರ್ಷದಿಂದ ಇದೇ. ಅದರಲ್ಲಿ ಹದಿನಾರು ವರ್ಷ ನಾನು ಅವರ ಹೆಂಡತಿ. ಆ ಹಸಿರು ಬಟ್ಟೆಯ ಟೇಬಲ್ಲಿಗೆ ನಾನಿಟ್ಟ ಹೆಸರು ಸವತಿ. ಮಧ್ಯಾಹ್ನ ಸವತಿಯ ಹತ್ತಿರ ಹೋದರೆ ಬರುವುದು ನನಗೆ ನಿದ್ದೆ ಹತ್ತಿದ ಮೇಲೆ. ಬೆಳಗ್ಗೆ ನಾನು ಹೊರಡುವಾಗ ಅವರು ಮಲಗಿರುತ್ತಾರೆ. ಮಕ್ಕಳಿಲ್ಲ, ಮರಿಯಿಲ್ಲ, ಇರುವ ಇಬ್ಬರೂ ಪಾಳಿಯ ಮೇಲೆ ಸಂಸಾರ ಮಾಡುತ್ತಿದ್ದೇವೆ.

ಈಗ ಹಾಲ್‌ನ ಮಾಲೀಕ ಆಟ ಕಲಿಸುವ ತರಗತಿ ಶುರುಮಾಡುತ್ತಾನಂತೆ. ಕೋಚ್ ಒಬ್ಬನೇ ಸಾಕಂತೆ. ಇವರು, ಇಲ್ಲವೇ ಹೋದ ವರ್ಷ ಬಂದ ಇನ್ನೊಬ್ಬ. ಅವನು ಎಲ್ಲವನ್ನೂ ಗೀಟೆಳೆದ ಹಾಗೆ ನೇರ ಹೊಡೆಯುತ್ತಾನೆಂದು ಇವರು ಅವನಿಗೆ ಗೀಟು ಎಂದೇ ಹೆಸರಿಟ್ಟಿದ್ದಾರೆ. ಹದಿನಾರನೇ ತಾರೀಕು ಭಾನುವಾರ ಇಬ್ಬರಿಗೂ ಆಟ, ಗೆದ್ದವನಿಗೆ ಕೆಲಸ. ಕೋಚ್ ಆದರೆ ತರಗತಿ ಬೆಳಗ್ಗೆ ಮಾತ್ರ. ಸಾಯಂಕಾಲ ಪೂರ್ತಿ ಬಿಡುವು. ಹದಿನಾರು ವರ್ಷದಲ್ಲಿ ಮೊದಲ ಸಲ ನಾನೂ ಸವತಿಯ ಪಕ್ಷ ಸೇರಿದ್ದೇನೆ.

ಮಾರ್ಚ್ 6, ಗುರುವಾರ

ಇವತ್ತು ಬೇಗ ಎದ್ದಿದ್ದರು. ಆಟದ ಚಿಂತೆ. ನಾನು ಟಿಫನ್ ಡಬ್ಬಿ ಮುಚ್ಚುತ್ತಿದ್ದೆ.

"ಏ, ಇಲ್ಲಿ ಬಾ. ಮುಷ್ಟಿ ಹಿಡಿ" ಅಂದರು.

ಹಿಡಿದೆ. ತಮ್ಮ ಮುಷ್ಟಿಯನ್ನು ನನ್ನದಕ್ಕೆ ತಾಗಿಸಿದರು.

"ಇದು ಬಿಳಿ ಚೆಂಡು, ನಿಂದು ಬಣ್ಣದ ಚೆಂಡು. ಬಿಳೀದಕ್ಕೆ ಸರಿಯಾಗಿ ನಡುವಿಗೆ ಹೊಡೆದ್ರೆ ನೇರ ಹೋಗಿ ನೇರ ತಳ್ಳುತ್ತೆ. ಎಡಗಡೆಗೆ ಹೊಡೆದ್ರೆ ಬುಗುರಿ ತರ ತಿರುಗ್ತಾ ಹೋಗುತ್ತೆ. ಅದಕ್ಕೇ ಸೈಡ್ ಅನ್ನೋದು. ಹಾಗೆ ತಿರುಗ್ತಾ ಬಂದು ನಿನಗೆ ತಾಗಿದ್ರೆ ಏನಾಗುತ್ತೆ ನೋಡು."

ಮುಷ್ಟಿಯನ್ನು ಒತ್ತಿ ತಿರುವಿದರು. ನನ್ನ ಮುಷ್ಟಿಯೂ ಅದರ ಜೊತೆ ಪಕ್ಕಕ್ಕೆ ಸರಿಯಿತು.

"ನೋಡಿದ್ಯಾ? ಕಚ್ಚಿ ಎಳ್ಕೊಂಡು ಹೋಯ್ತು. ಎಡಕ್ಕೆ ಸೈಡ್ ಕೊಟ್ರೆ ಮುಂದಿನ ಚೆಂಡು ಬಲಕ್ಕೆ ಸರಿಯುತ್ತೆ. ಮೆಲ್ಲಗೆ ಹೊಡೆದಷ್ಟೂ ಕಚ್ಚು ಜಾಸ್ತಿ."

"ಮತ್ತೆ ಗುರಿ ತಪ್ಪಲ್ವಾ?"

"ಅದಕ್ಕೇ ಗುರೀನೇ ತಪ್ಪಿಸಿ ಇಡೋದು. ನಾನು ಪಾಕೆಟ್ ನೋಡೋದೇ ಇಲ್ಲ, ಒಂದು ಬೆರಳಷ್ಟು ಎಡಕ್ಕೆ ನೋಡ್ತೀನಿ. ಮಿಕ್ಕಿದ್ದು ಕಚ್ಚು ನೋಡ್ಕೊಳುತ್ತೆ."

"ಗುರಿ ತಪ್ಪಾಗಿಟ್ಟು ಸರಿಯಾಗಿ ಹೊಡೆಯೋದು. ನಿಮಗೇ ಹೇಳಿ ಮಾಡಿಸಿದ ಆಟ" ಅಂದೆ.

ನಕ್ಕರು. ಇಷ್ಟೆಲ್ಲ ತಾಪತ್ರಯ ಯಾಕೆ, ಗೀಟಿನ ಹಾಗೆ ನೇರ ಹೊಡೆಯಬಾರದೇ ಅಂದೆ. ಚೆಂಡು ಪಾಕೆಟ್ಟಿಗೆ ಹೋದರಷ್ಟೇ ಸಾಲದಂತೆ, ಬಿಳಿ ಚೆಂಡು ಅಂಚಿಗೆ ಬಡಿದು ಮುಂದಿನ ಹೊಡೆತಕ್ಕೆ ಬೇಕಾದ ಕಡೆ ಬಂದು ನಿಲ್ಲಬೇಕಂತೆ, ಅದು ಸೈಡ್ ಇಲ್ಲದೆ ಆಗದಂತೆ. ಇದನ್ನೆಲ್ಲ ಹೇಳುವಷ್ಟು ಹೊತ್ತೂ ನನ್ನ ಮುಷ್ಟಿ ಬಿಟ್ಟಿರಲಿಲ್ಲ. ಬಸ್ಸು ತಪ್ಪಿತು. ತಪ್ಪಲಿ.

ಮಾರ್ಚ್ 13, ಗುರುವಾರ

ಹಾಲ್‌ನ ಚೆಂಡು ಕೊಳಕು ಅಂತ ಎರಡು ದಿನದಿಂದ ಗೊಣಗಾಟ. ಎಲ್ಲರ ಕೈ ಬೆವರು, ಕೋಲಿನ ತುದಿಗೆ ಉಜ್ಜುವ ನೀಲಿ ಚಾಕ್‌ಪೀಸಿನ ಪುಡಿ, ಟೇಬಲ್ಲಿನ ದೂಳು. ಮಾಲೀಕ ಹೊಸದು ತರುವುದಿಲ್ಲ. ಟೇಬಲ್ಲಿನ ಬಟ್ಟೆ ಒರೆಸುವ ತಾತ ಆಗಾಗ ಸೋಪಿನ ನೀರಲ್ಲಿ ಅದ್ದಿ ತೆಗೆಯುತ್ತಾನೆ, ಅಷ್ಟೇ.

"ಇಂಥ ಚೆಂಡಲ್ಲಿ ಯಾರು ಆಡ್ತಾರೆ?" ಅಂದರು.

ನನಗೊಂದು ಉಪಾಯ ಹೊಳೆದಿದೆ. ಗಾಜಿಗೆ ಕನ್ನಡಿಯ ಹೊಳಪು ತರುವವಳು ನಾನು. ಗಂಡನ ಆಟಕ್ಕೆ ಹದಿನಾರು ವರ್ಷದಲ್ಲಿ ಒಂದು ಕಡ್ಡಿಯಷ್ಟೂ ಸಹಾಯ ಮಾಡಿಲ್ಲ. ಅಂಗಡಿಗೆ ಬರುವಾಗ ತಾತನನ್ನು ಕಂಡು ಮಾತಾಡಿದೆ. ಶನಿವಾರ ಹಾಲ್ ಮಧ್ಯಾಹ್ನದವರೆಗೂ ಮುಚ್ಚಿರುತ್ತದಂತೆ.

ಮಾರ್ಚ್ 15, ಶನಿವಾರ

ತಾತ ಹದಿನಾರೂ ಚೆಂಡನ್ನು ಬಟ್ಟೆಯ ಚೀಲದಲ್ಲಿ ತಂದುಕೊಟ್ಟ. ಯಜಮಾನರು ಸರಕು ತರಲು ಹೋಗಿದ್ದರು. ಪ್ಲಾಸ್ಟಿಕ್ ಲೆನ್ಸಿಗೆ ಕೊನೆಯಲ್ಲಿ ಹಚ್ಚುವ ಪಾಲಿಶ್ ಹಚ್ಚಿ, ಮೆತ್ತನೆಯ ಚಕ್ರಕ್ಕೆ ಒಂದೊಂದಾಗಿ ಹಿಡಿದೆ. ಮೊದಲು ಬೂದು ಬಣ್ಣದ ಕೊಳೆ ಬಂತು, ಆಮೇಲೆ ಅಡಿಯ ಬಣ್ಣ. ಮೂರು ನಂಬರಿನ ಕೆಂಪು ಇಷ್ಟು ಕೆಂಪು ಅಂತ ಯಾರಿಗೆ ಗೊತ್ತಿತ್ತು! ಕರೀ ಎಂಟರಲ್ಲಿ ನನ್ನ ಮುಖ ಕಂಡಿತು. ಮೂಗು ಮಾತ್ರ ದೊಡ್ಡದು. ಕೊನೆಗೆ ಮೇಣದ ಒಂದು ಕೈ ಕೊಟ್ಟೆ, ಚಾಕ್ ಪುಡಿ ಅಂಟದಿರಲಿ ಅಂತ.

"ಮುಟ್ಟಿದ್ರೆ ಜಾರುತ್ತಲ್ಲಮ್ಮ" ಅಂದ ತಾತ.

"ನಾಳೆ ಆಟದವರೆಗೂ ಇವನ್ನ ಎತ್ತಿಡು, ಇವತ್ತಿಗೆ ಬೇರೆ ಚೆಂಡು ಹಾಕು. ಅವರು ಗೆಲ್ಲೋವರೆಗೂ ಬಾಯಿ ಬಿಡ್ಬೇಡ ತಾತ. ಗೆದ್ದ ಮೇಲೆ ನಾನೇ ಹೇಳ್ತೀನಿ."

ಮಾರ್ಚ್ 17, ಸೋಮವಾರ

ಸೋತರು.

ನಿನ್ನೆ ಮೊದಲ ಸಲ ಆ ಹಾಲ್‌ನೊಳಗೆ ಕಾಲಿಟ್ಟಿದ್ದೆ. ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಚೆಂಡು ನೋಡಿ ಇವರು "ಓ, ತಾತ ತೊಳೆದಿದಾನೆ" ಅಂದರು, ನನಗೆ ಒಳಗೊಳಗೇ ಹೆಮ್ಮೆ. ಒಂಬತ್ತು ಆಟ, ಐದು ಗೆದ್ದವನಿಗೆ ಕೆಲಸ. ನೇರ ಹೊಡೆದದ್ದೆಲ್ಲ ಪಾಕೆಟ್ಟಿಗೆ ಹೋಯಿತು. ಮೆಲ್ಲಗೆ ಸೈಡ್ ಕೊಟ್ಟು ಹೊಡೆದಾಗಲೆಲ್ಲ ಚೆಂಡು ಪಾಕೆಟ್ಟಿನ ಅಂಚಿಗೆ ಬಡಿದು ಹಿಂದೆ ಬರುತ್ತಿತ್ತು. ಅದೇ ಇವರ ಹೆಸರಾಂತ ಹೊಡೆತವಂತೆ. ಬೆಂಚಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೀಟು ಮಾತ್ರ ಗೀಟೆಳೆದ ಹಾಗೆ ಹೊಡೆಯುತ್ತಲೇ ಇದ್ದ.

ಹೇಗೋ ನಾಲ್ಕು ನಾಲ್ಕು ಸಮ ಆಯಿತು. ಕೊನೆಯ ಆಟದಲ್ಲಿ ಮಿಕ್ಕಿದ್ದು ಕರೀ ಚೆಂಡೊಂದೇ, ಅದನ್ನು ಬೀಳಿಸಿದವನು ಗೆದ್ದ ಹಾಗೆ. ಮೂಲೆಯ ಪಾಕೆಟ್ಟಿನಿಂದ ಎರಡು ಗೇಣು ದೂರವೂ ಇಲ್ಲ. ನೇರ ಹೊಡೆದರೆ ಬಿಳಿ ಚೆಂಡೂ ಹಿಂದೆಯೇ ಹೋಗಿ ಪಾಕೆಟ್ಟಿಗೆ ಬೀಳುತ್ತದೆ, ಬಿದ್ದರೆ ಸೋಲು, ಹಾಗಾಗಿ ಎಡಕ್ಕೆ ಸೈಡ್ ಕೊಟ್ಟು ಮೆಲ್ಲಗೆ ಹೊಡೆದರು. ಕರೀ ಚೆಂಡು ಹೋಗಿ ಪಾಕೆಟ್ಟಿನ ಎಡ ಅಂಚಿಗೆ ತಾಗಿ, ಬಾಯಲ್ಲೇ ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗೀಟು ಎದ್ದು ಬಂದು ಒಂದು ಬೆರಳಿನಷ್ಟು ತಳ್ಳಿದ.

ಚೆಂಡು ನಿಂತಿದ್ದ ಜಾಗವನ್ನು ಇವರು ಬಹಳ ಹೊತ್ತು ನೋಡುತ್ತಾ ನಿಂತಿದ್ದರು. ಮನೆಗೆ ಬರುವಾಗ ದಾರಿಯಲ್ಲಿ, ಚೆಂಡಿನದೇನಾದರೂ ತೊಂದರೆ ಇರಬಹುದು ಅಂತ ಯಾರೋ ಅಂದರು. "ಗೀಟೂ ಅದೇ ಚೆಂಡಲ್ಲೇ ಆಡಿದ್ನಲ್ಲ. ಸೋಪಿನ ನೀರಿಗೆ ಇಷ್ಟೊಂದು ವ್ಯತ್ಯಾಸ ಬರಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗುತ್ತೆ ನನ್ನ ಕಥೆ" ಅಂದರು.

ಮಾರ್ಚ್ 18, ಮಂಗಳವಾರ

ಪಾತ್ರೆ ತೊಳೆಯುತ್ತಿದ್ದೆ. ಕೈ ತುಂಬ ಸೋಪು. ಸುಮ್ಮನೆ ಎರಡು ಮುಷ್ಟಿಯನ್ನು ಒಂದಕ್ಕೊಂದು ತಾಗಿಸಿ ಒಂದನ್ನು ತಿರುವಿದೆ. ಇನ್ನೊಂದು ಅಲ್ಲಾಡಲಿಲ್ಲ. ಮತ್ತೆ ತಿರುವಿದೆ. ಜಾರಿ ಹೋಯಿತು. ಕಚ್ಚಲಿಲ್ಲ.

ಆ ಕೊಳೆಯೇ ಕಚ್ಚುತ್ತಿದ್ದದ್ದು. ಇಪ್ಪತ್ತೆರಡು ವರ್ಷ ಆ ಕೊಳೆಯ ಲೆಕ್ಕ ಹಿಡಿದೇ ಇವರು ಒಂದು ಬೆರಳು ಎಡಕ್ಕೆ ಗುರಿ ಇಡುತ್ತಿದ್ದದ್ದು. ನಾನು ಅದನ್ನು ಉಜ್ಜಿ, ಮೇಲೆ ಮೇಣ ಬೇರೆ ಹಚ್ಚಿ ಕಳಿಸಿದೆ. ಗುರಿ ಎಡಕ್ಕೇ ಇತ್ತು, ಬಲಕ್ಕೆ ಎಳೆಯುವ ಕಚ್ಚು ಇರಲಿಲ್ಲ. ಗೀಟಿಗೆ ಕಚ್ಚಿನ ಹಂಗೇ ಇಲ್ಲ, ನಡುವಿಗೇ ಹೊಡೆಯುವವನು. ಅವನಿಗೆ ಕೆಲಸ ಕೊಡಿಸಿದವಳು ನಾನು.

ಕೂತುಕೊಂಡೆ. ನಲ್ಲಿಯ ನೀರು ಹರಿದೇ ಹೋಗುತ್ತಿತ್ತು.

ಮಾರ್ಚ್ 19, ಬುಧವಾರ

ಇವತ್ತು ಹೇಳುತ್ತೇನೆ.

ಮಾರ್ಚ್ 20, ಗುರುವಾರ

ಹೇಳಲಿಲ್ಲ. ಗಂಟಲಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹಾಲ್‌ಗೆ ಹದಿನೈದು ದಿನ ರಜೆ ಹಾಕಿದ್ದಾರೆ. ನಾನು ಅಂಗಡಿಯಿಂದ ಹೋದಾಗ ಕಿಟಕಿಯ ಹತ್ತಿರ ಕೂತು, ಎದುರುಮನೆಯ ಕಂಬಿಗಳನ್ನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು.

ಮಾರ್ಚ್ 24, ಸೋಮವಾರ

ನಿನ್ನೆ ಸಾಯಂಕಾಲ ಇಬ್ಬರೂ ಕೆರೆಯ ದಂಡೆಯ ಮೇಲೆ ನಡೆದು ಬಂದೆವು. ಎಷ್ಟು ವರ್ಷವಾಗಿತ್ತೋ! ಇವರು ಮಾತಾಡಲಿಲ್ಲ, ನಾನೇ ಇಬ್ಬರ ಪಾಲಿನದನ್ನೂ ಆಡಿದೆ. ಮನೆಗೆ ಬಂದು ಸೊಪ್ಪು ಬಿಡಿಸಿಕೊಟ್ಟರು. ಕಡ್ಡಿಯನ್ನೆಲ್ಲ ಸೊಪ್ಪಿನ ಜೊತೆ ಹಾಕಿ, ಎಲೆಗಳನ್ನು ಕಸಕ್ಕೆ ಹಾಕಿದ್ದರು. ಬೈದೆ. ಬೈಯುವುದಕ್ಕೆ ಒಬ್ಬರು ಎದುರಿಗೆ ಇದ್ದರೆ ಎಷ್ಟು ಚೆನ್ನ.

ಹೇಳಬೇಕು. ಅಷ್ಟು ಒಳ್ಳೆಯ ದಿನವನ್ನು ಕೆಡಿಸುವುದು ಯಾಕೆ ಅಂತ ನಿನ್ನೆ ಸುಮ್ಮನಾದೆ.

ಮಾರ್ಚ್ 25, ಮಂಗಳವಾರ

ಮಂಗಳವಾರ ನಮ್ಮ ಅಂಗಡಿಗೆ ಕಣ್ಣಿನ ಡಾಕ್ಟರಮ್ಮ ಬರುತ್ತಾರೆ. ಹನ್ನೊಂದಕ್ಕೆ ನೋಡಿದರೆ ಸಾಲಿನಲ್ಲಿ ಇವರೂ ಕೂತಿದ್ದಾರೆ. ನನಗೆ ಹೇಳಿರಲಿಲ್ಲ. ಒಳಗೆ ಹೋಗಿ, ಕೊನೆಯ ಸಾಲಿನ ಇರುವೆ ಗಾತ್ರದ ಅಕ್ಷರವನ್ನೂ ತಡವರಿಸದೆ ಓದಿದ್ದು ಪರದೆಯ ಈಚೆ ನನಗೆ ಕೇಳಿಸಿತು. ಡಾಕ್ಟರಮ್ಮನಿಗೆ ಮಾತು ಕಡಿಮೆ, ಸಾಲು ಉದ್ದ. "ಚೀಟಿ ಹೊರಗೆ ಕೊಡ್ತಾರೆ" ಅಂದುಬಿಟ್ಟರು. ಚೀಟಿ ನನ್ನ ಕೈಗೆ ಬಂತು. ಎಡಕ್ಕೊಂದು ಸೊನ್ನೆ, ಬಲಕ್ಕೊಂದು ಸೊನ್ನೆ, ದೋಷವೇ ಇಲ್ಲ.

ಇವರು ನನ್ನ ಮೇಜಿನ ಮುಂದೆ ನಿಂತರು.

"ಏನಾದ್ರೂ ಇದೆಯೇನೇ?"

ನಾನು ಚೀಟಿ ನೋಡುತ್ತಿದ್ದೆ.

"ಹೇಳು ಮಾರಾಯ್ತಿ. ಕಣ್ಣಲ್ಲೇ ಏನೋ ಇರಬೇಕು. ಕಣ್ಣು ಸರಿಯಾಗಿದ್ರೆ ಕೆಟ್ಟಿರೋದು ನಾನೇ ಅಂತ ಆಗುತ್ತೆ. ಕೈಲಿರೋ ಒಂದೇ ವಿದ್ಯೆ, ಅದೂ ಹೋಯ್ತು ಅಂತ ಆಗುತ್ತೆ."

ಏನಾದರೂ ಇರಲಿ ಅಂತ ಬೇಡುವವರ ಹಾಗಿತ್ತು ಮುಖ. ಯಜಮಾನರು ಪಕ್ಕದಲ್ಲೇ ಇದ್ದರು, ಚೆಂಡಿನ ಕಥೆ ಹೇಳುವ ಜಾಗ ಅದಲ್ಲ.

"ಎಡಗಣ್ಣಲ್ಲಿ ಒಂಚೂರು ಇದೆ" ಅಂದೆ.

ಉಸಿರು ಬಿಟ್ಟು ನಕ್ಕರು. ಒಂಬತ್ತು ದಿನವಾಗಿತ್ತು ಆ ನಗು ನೋಡಿ. ಒಂದು ಸುಳ್ಳಿಗೆ ಇಷ್ಟು ಬೆಲೆ ಸಿಗುವುದಾದರೆ ಅದನ್ನು ಸುಳ್ಳು ಅನ್ನಬೇಕೇ? ಗೊತ್ತಿಲ್ಲ. ಪವರ್ ಇಲ್ಲದ ಬರೀ ಗಾಜು ಹಾಕಿ ಕೊಡುತ್ತೇನೆ. ಬರೀ ಗಾಜಿನಿಂದ ಯಾರಿಗೆ ಏನು ಕೇಡು?

ಏಪ್ರಿಲ್ 11, ಶುಕ್ರವಾರ

ಕನ್ನಡಕ ಹಾಕಿಕೊಂಡು ಹಾಲ್‌ಗೆ ಹೋಗಲು ಶುರುಮಾಡಿ ವಾರವಾಯಿತು. ಕಚ್ಚು ಹಿಂದಿನ ಹಾಗೇ ಬಂದಿದೆಯಂತೆ, ಮೆಲ್ಲಗೆ ಹೊಡೆದ ಸೈಡ್ ಒಂದೂ ತಪ್ಪುತ್ತಿಲ್ಲವಂತೆ. ಬರದೆ ಏನು, ಹದಿನೈದು ದಿನದ ಬೆವರು, ದೂಳು, ಚಾಕ್ ಪುಡಿ ಚೆಂಡಿನ ಮೇಲೆ ಕೂತಿರುತ್ತದೆ.

"ನಿನ್ನ ಕೈಗುಣ ಕಣೇ. ನೀನು ಉಜ್ಜಿದ ಗಾಜು!" ಅಂತ ಬೆಳಗ್ಗೆ ನನ್ನ ತಲೆ ಸವರಿದರು. ನಾನು ಉಜ್ಜಿದ್ದು ಇನ್ನೇನೆಂದು ಆಗಲೇ ಹೇಳಬಹುದಿತ್ತು. ಅವರು ಖುಷಿಯಲ್ಲಿದ್ದರು, ನಕ್ಕುಬಿಡುತ್ತಿದ್ದರೋ ಏನೋ. ಬಸ್ಸಿಗೆ ಹೊತ್ತಾಗಿತ್ತು.

ಏಪ್ರಿಲ್ 21, ಸೋಮವಾರ

ಇನ್ನು ಈ ಹಾಲ್ ಸಾಕಂತೆ. ಗೀಟಿನ ಕೈಕೆಳಗೆ ಮಾರ್ಕರ್ ಆಗಿ ಇರಲಾರರಂತೆ. ಜೂನ್‌ನಿಂದ ಊರೂರಿನ ಟೂರ್ನಮೆಂಟ್ ಆಡುತ್ತಾರಂತೆ, ಒಂದಾದ ಮೇಲೆ ಒಂದು. ಮಳೆಗಾಲದಿಂದ ಚಳಿಗಾಲದವರೆಗೂ ಇದೆಯಂತೆ ಪಟ್ಟಿ. ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ.

"ನಾನು?" ಅಂದೆ.

"ನಿನಗೆ ಅಂಗಡಿ ಇದೆಯಲ್ಲ" ಅಂದರು. ಕೆಟ್ಟ ಮನಸ್ಸಿನಿಂದಲ್ಲ. ಚಾಕ್‌ಪೀಸಿನ ಡಬ್ಬಿ ಹುಡುಕುತ್ತಾ ಅಂದದ್ದು.

ನನಗೆ ಬಂದ ಸಿಟ್ಟು ಎಂಥದೆಂದರೆ, ಕೈಲಿದ್ದ ಲೋಟ ಕೆಳಗಿಟ್ಟು ಆಚೆ ಹೋಗಿ ನಿಂತೆ. ಮೊದಲಾದರೆ ಸವತಿ ಎರಡು ಬೀದಿ ಆಚೆ ಇದ್ದಳು. ಇನ್ನು ಅವಳಿಗೆ ಊರಿಗೊಂದು ಮನೆ.

ಏಪ್ರಿಲ್ 24, ಗುರುವಾರ

ಇವರ ಕನ್ನಡಕದ ಎಡಗಾಜಿನ ಅಂಚಿನಲ್ಲಿ ಗೀರು ಬಿದ್ದಿತ್ತು. ಒರೆಸಿ ಕೊಡುತ್ತೇನೆಂದು ತಂದು ಗಾಜು ಬದಲಿಸಿದೆ. ಸಿಲಿಂಡರ್ ಅನ್ನುವ ಪವರ್ ಮುಕ್ಕಾಲು, ಓರೆಗೆ ಕೂರಿಸಿದ್ದು. ಯಾರೋ ಆರ್ಡರ್ ಕೊಟ್ಟು ಒಯ್ಯದೆ ಬಿಟ್ಟ ಗಾಜು, ದಂಡವಾಗುತ್ತಿತ್ತು. ಅಂಥ ಗಾಜು ಒಂದೇ ದಿಕ್ಕಿಗೆ ಬಾಗಿರುತ್ತದೆ. ಬೇಕಿಲ್ಲದ ಕಣ್ಣಿಗೆ ನೆಟ್ಟಗಿನ ಗೆರೆ ಒಂದು ಎಳೆಯಷ್ಟು ವಾಲಿ ಕಾಣುತ್ತದೆ, ಅಷ್ಟೇ. ನಲವತ್ತೈದಾದ ಮೇಲೆ ಹೇಗೂ ಎಲ್ಲರಿಗೂ ಏನೋ ಒಂದು ಪವರ್ ಬರುವುದೇ.

ಬಿಸಿಲು ಜಾಸ್ತಿ. ಯಜಮಾನರು ಇವತ್ತು ಫ್ಯಾನ್ ರಿಪೇರಿ ಮಾಡಿಸಿದರು.

ಮೇ 5, ಸೋಮವಾರ

ತಲೆನೋವಂತೆ. ಆರು ಗಂಟೆಗೇ ಮನೆಗೆ ಬರುತ್ತಿದ್ದಾರೆ. ಸೈಡ್ ಇರಲಿ, ನೇರ ಹೊಡೆದದ್ದೂ ತಪ್ಪುತ್ತಿದೆಯಂತೆ. ಕೋಲೇ ಡೊಂಕು ಅಂತ ಟೇಬಲ್ಲಿನ ಮೇಲೆ ಉರುಳಿಸಿ ನೋಡಿದರಂತೆ, ನೆಟ್ಟಗೇ ಇತ್ತಂತೆ. ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಪಕ್ಕದಲ್ಲೇ ಕೂತು ಅಂಗಡಿಯ ಸುದ್ದಿ ಹೇಳಿದೆ. ಕನ್ನಡಕ ಕಳೆದುಕೊಂಡು, ಅದನ್ನು ಹಾಕಿಕೊಂಡೇ ಬಂದಿದ್ದ ಮುದುಕಿಯ ಸುದ್ದಿಗೆ ಸ್ವಲ್ಪ ನಕ್ಕರು.

ಮೇ 14, ಬುಧವಾರ

ಗೋಡೆಯ ಪಟ್ಟಿ ಹರಿದು ಹಾಕಿದರು. ಹಾಲ್‌ನ ಕೆಲಸ ಬಿಟ್ಟು, ಕೋಲನ್ನು ತಾತನ ಕೈಗೆ ಕೊಟ್ಟು ಬಂದರು. ಅಳಲಿಲ್ಲ. ನಾನು ಅತ್ತೆ. ಅವರ ದುಃಖ ನೋಡಿ ಅತ್ತದ್ದು, ಅದು ಸುಳ್ಳಲ್ಲ.

ಬೇಳೆ ಮುಗಿದಿದೆ, ತರಬೇಕು.

ಮೇ 20, ಮಂಗಳವಾರ

ತಾತ ಅಂಗಡಿಗೆ ಬಂದಿದ್ದ. ಬಾಗಿಲಲ್ಲಿ ಅವನ ತಲೆ ಕಂಡದ್ದೇ ನನ್ನ ಕೈಯಲ್ಲಿದ್ದ ಫ್ರೇಮ್ ಕೆಳಗೆ ಬಿತ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

"ಅಮ್ಮಾ, ಆ ಚೆಂಡಿನ ವಿಷಯ ಅವರಿಗೆ ಹೇಳಿದ್ರಾ? ಅವತ್ತು ಜಾರ್ತಿತ್ತಲ್ಲ, ನಂಗೆ ಅದೇ ಕೊರೀತಿದೆ. ಕೋಲು ಕೊಡೋವಾಗ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ರಮ್ಮ. ನೀವು ಹೇಳಿಲ್ಲ ಅಂದ್ರೆ ನಾನೇ ಹೋಗಿ ಹೇಳ್ತೀನಿ."

"ಅಯ್ಯೋ, ಯಾವಾಗ್ಲೋ ಹೇಳಿದೀನಿ ತಾತ. ನಕ್ಕುಬಿಟ್ರು."

"ಹೌದಾ? ಹೊಟ್ಟೆಗೆ ಹಾಲು ಹೊಯ್ದಂಗಾಯ್ತು ತಾಯಿ."

ಅವನ ಹಳೆಯ ಕನ್ನಡಕದ ಕಡ್ಡಿ ಸಡಿಲವಾಗಿತ್ತು, ಬಿಗಿ ಮಾಡಿ ಕೊಟ್ಟೆ. ಹರಸಿ ಹೋದ. ಇವರು ನನ್ನೆದುರು ಅಳಲಿಲ್ಲ, ತಾತನೆದುರು ಅತ್ತರು. ಅದೊಂದು ಮನಸ್ಸಿಗೆ ಚುಚ್ಚಿತು.

ಮೇ 29, ಗುರುವಾರ

ಸಾಯಂಕಾಲ ಅಂಗಡಿ ಮುಚ್ಚುವ ಹೊತ್ತಿಗೆ ನನ್ನನ್ನು ಕರೆದುಕೊಂಡು ಹೋಗಲು ದಿನವೂ ಬರುತ್ತಾರೆ. ಪಕ್ಕದ ಬೇಕರಿಯವಳು "ಹೊಸ ಮದುವೆ ಜೋಡಿ" ಅಂತ ಚುಡಾಯಿಸುತ್ತಾಳೆ. ನಿನ್ನೆ ರಸ್ತೆ ದಾಟುವಾಗ ನನ್ನ ಕೈ ಹಿಡಿದುಕೊಂಡರು. ಗಾಡಿ ಎಷ್ಟು ದೂರ ಇದೆಯೋ ಅಂದಾಜೇ ಸಿಗುತ್ತಿಲ್ಲ ಅಂದರು. ಅಂಗೈ ಬೆವರಿತ್ತು. ಆಚೆ ದಡ ಮುಟ್ಟಿದ ಮೇಲೂ ಬಿಡಲಿಲ್ಲ. ಹದಿನಾರು ವರ್ಷಕ್ಕೆ ಮೊದಲ ಸಲ ಬೀದಿಯಲ್ಲಿ ಕೈ ಹಿಡಿದದ್ದು. ಹೀರೆಕಾಯಿ ಕೊಳ್ಳುವಾಗಲೂ ಒಂದೇ ಕೈಯಲ್ಲಿ ಆರಿಸಿದೆ.

ಪುಸ್ತಕದಲ್ಲಿ ಹಿಂದಿನ ಪುಟ ತಿರುವಿ ನೋಡುವುದನ್ನು ಬಿಟ್ಟಿದ್ದೇನೆ. ಅಕ್ಷರ ಚೆನ್ನಾಗಿಲ್ಲ.

ಜೂನ್ 10, ಮಂಗಳವಾರ

ಬಿದ್ದರು. ನಮ್ಮ ಅಂಗಡಿಯ ಮೆಟ್ಟಿಲ ಮೇಲೆಯೇ. ಮೂರೇ ಮೆಟ್ಟಿಲು, ಇಲ್ಲದ ನಾಲ್ಕನೆಯದಕ್ಕೆ ಕಾಲಿಟ್ಟರು. ಬಲಗೈ ಊರಿದರು. ಮಣಿಕಟ್ಟಿನ ಎಲುಬು ಮುರಿದಿದೆ.

ಆಸ್ಪತ್ರೆಯಲ್ಲಿ ಬ್ಯಾಂಡೇಜು ಸುತ್ತುವಾಗ ಅಲ್ಲಿನ ಡಾಕ್ಟರು "ಬೆರಳು ಆಡಿಸಿ" ಅಂದರು. ಆಡಿಸಿದರು. "ಮುಷ್ಟಿ ಹಿಡೀರಿ" ಅಂದರು. ಆಗಲಿಲ್ಲ. ನಾನು ಹೊರಗೆ ಬಂದು ಗೋಡೆಗೆ ತಲೆ ಒತ್ತಿ ನಿಂತೆ. ಯಾರೋ ಬಂದು ನೀರು ಬೇಕಾ ಅಂದರು.

ಜೂನ್ 12, ಗುರುವಾರ

ಎಡಗಾಜು ತೆಗೆದೆ. ಬರೀ ಗಾಜು ಹಾಕಿದೆ. ತೆಗೆದದ್ದನ್ನು ಒಡೆದು ಕಸಕ್ಕೆ ಹಾಕಿದೆ. ಇನ್ನು ಎಲ್ಲ ಸರಿಹೋಗುತ್ತದೆ.

ಜೂನ್ 17, ಮಂಗಳವಾರ

"ಈಗ ಹೇಗಿದೆ?" ಅಂತ ಐದು ದಿನದಿಂದ ಕೇಳುತ್ತಿದ್ದೇನೆ.

"ಹಾಗೇ ಇದೆ" ಅನ್ನುತ್ತಾರೆ.

ಲೋಟ ಮೇಜಿನ ಮೇಲಿಡುವ ಮೊದಲು ಮೇಜನ್ನು ಕೈಯಲ್ಲಿ ತಡವಿ ನೋಡುತ್ತಾರೆ. ಮೆಟ್ಟಿಲನ್ನು ಕಾಲಿನಿಂದ ಮುಟ್ಟಿ ಇಳಿಯುತ್ತಾರೆ. ಪೇಪರ್ ಓದುವುದಿಲ್ಲ, ನಾನೇ ಓದಿ ಹೇಳಬೇಕು. ಅಕ್ಷರ ಕಾಣುತ್ತದಂತೆ, ಆದರೆ ಕಂಡದ್ದು ನಿಜವೋ ಅಲ್ಲವೋ ಅಂತ ಅನುಮಾನವಂತೆ. ಇವತ್ತು ಅಂಗಡಿಗೇ ಬಂದು, ಡಾಕ್ಟರಮ್ಮನ ಹತ್ತಿರ ಹೋಗೋಣ ಅಂದರು. ಅವರು ರಜೆಯಲ್ಲಿದ್ದಾರೆ ಅಂದೆ. ಡಾಕ್ಟರಮ್ಮ ಪರದೆಯ ಆಚೆಯೇ ಇದ್ದರು.

ನನಗೆ ಭಯವಾಗುತ್ತಿದೆ. ಗಾಜು ನಾನು ಬದಲಿಸಬಲ್ಲೆ. ಕಣ್ಣಿನ ಹಿಂದೆ ಕೂತಿರುವುದನ್ನು ಹೇಗೆ ಬದಲಿಸುವುದು?

ಜೂನ್ 30, ಸೋಮವಾರ

ನಿನ್ನೆ ಹೇಳಿದೆ. ಎಲ್ಲವನ್ನೂ.

ಊಟವಾಗಿತ್ತು. ಬಲಗೈ ಕಟ್ಟಿರುವುದರಿಂದ ನಾನೇ ತಿನ್ನಿಸಿ, ಬಾಯಿ ಒರೆಸಿದ್ದೆ. ಆ ಬಾಯಿ ಒರೆಸಿಸಿಕೊಳ್ಳುವ ರೀತಿ ನೋಡಿ ನನಗೆ ತಡೆಯಲಾಗಲಿಲ್ಲ. ಕೂತಲ್ಲೇ ಶುರುಮಾಡಿದೆ. ತಾತ ಚೆಂಡು ತಂದದ್ದು, ಪಾಲಿಶ್, ಮೇಣ, ಕಚ್ಚು ಹೋದದ್ದು, ಚೀಟಿಯ ಎರಡು ಸೊನ್ನೆ, ಆಮೇಲೆ ಆ ಎಡಗಾಜು. ಒಂದನ್ನೂ ಬಿಡಲಿಲ್ಲ. ನಿಮ್ಮ ಕಣ್ಣು ಸರಿಯಿತ್ತು, ಈಗಲೂ ಸರಿಯಿದೆ, ಕೆಡಿಸಿದವಳು ನಾನು ಅಂದೆ. ಹೊಡೆಯಲಿ ಅಂತ ಕಾಯುತ್ತಾ ನೆಲ ನೋಡುತ್ತಿದ್ದೆ.

ಕನ್ನಡಕ ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದರು.

"ಎಷ್ಟು ದಿನದಿಂದ ಕಟ್ತಿದೀಯ ಈ ಕಥೇನ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಕಥೆ ಅಲ್ಲ ರೀ. ನಿ‍ಜ."

"ಈಗ ನಾನು ಹಾಕ್ಕೊಂಡಿರೋದು ಬರೀ ಗಾಜು ಅಂತೀಯ."

"ಹೌದು. ಆಣೆಗೂ."

"ಮತ್ತೆ ಆ ಬಾಗಿಲ ಚೌಕಟ್ಟು ಯಾಕೆ ವಾಲಿದೆ?"

"ವಾಲಿಲ್ಲ ರೀ. ನೆಟ್ಟಗಿದೆ."

"ನಿನಗೆ ನೆಟ್ಟಗಿದೆ" ಅಂದರು. ಎಡಗೈಯಿಂದ ತಡವಿ ನನ್ನ ಕೆನ್ನೆ ಹುಡುಕಿಕೊಂಡರು. "ನೋಡು, ನಂಗೆ ಗೊತ್ತಾಗುತ್ತೆ. ನನ್ನ ಸೋಲನ್ನ ನಿನ್ನ ತಲೆ ಮೇಲೆ ಹಾಕ್ಕೊಂಡು ನನ್ನ ಎಬ್ಬಿಸಿ ನಿಲ್ಲಿಸ್ಬೇಕು ಅಂತಿದೀಯ. ಯಾವ ಹೆಂಡ್ತಿ ಮಾಡ್ತಾಳೆ ಇಷ್ಟನ್ನ? ಇಷ್ಟು ವರ್ಷ ನಿನ್ನ ಜೊತೆ ನಾಲ್ಕು ಮಾತು ಆಡ್ಲಿಲ್ಲ ನಾನು. ಮೂರ್ಖ."

ಅತ್ತರು. ಈ ಸಲ ನನ್ನೆದುರೇ ಅತ್ತರು.

ತಾತನನ್ನು ಕರೆಸುತ್ತೇನೆ, ಅವನ ಬಾಯಿಂದಲೇ ಕೇಳಿ ಅನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂತು. ತಾತನ ಮನೆ ಮೂರು ಬೀದಿ ಆಚೆ. ಭಾನುವಾರ ಮನೆಯಲ್ಲೇ ಇರುತ್ತಾನೆ. ಇವರ ತಲೆ ನನ್ನ ಭುಜದ ಮೇಲಿತ್ತು, ಭಾರವಾಗಿತ್ತು, ಸರಿಸಿ ಏಳುವುದು ಹೇಗೆ ಅಂತ ಕೂತೇ ಇದ್ದೆ. ಕಣ್ಣೀರು ಒರೆಸಿಕೊಂಡು ಕನ್ನಡಕ ತೆಗೆದು ನನ್ನ ಕೈಗಿಟ್ಟರು.

"ಇದರಲ್ಲಿ ಇನ್ನೂ ಒಂಚೂರು ಪವರ್ ಜಾಸ್ತಿ ಮಾಡಿ ಕೊಡ್ತೀಯಾ? ಎಡಗಡೇದಕ್ಕೆ."

ಆಯ್ತು ಅಂದೆ. ಗುರುವಾರದೊಳಗೆ ಕೊಡುತ್ತೇನೆ ಅಂದೆ.